ತಂಡದ ಪುಟವೂ ಕಣಜದ ಲೆಕ್ಕವೂ

ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ಒಂದು ಸಂಗತಿಯಿಂದ ಪ್ರಾರಂಭಿಸುತ್ತೇನೆ. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ರಾತ್ರಿ ಇಂಥ ಹೊತ್ತಿಗೆ ವೀಣಾವಾದನ ಎಂದಿರುತ್ತದೆ. ಮನೆಮಂದಿಯೆಲ್ಲ ಊಟ ಮುಗಿಸಿ ಕಾದು ಕುಳಿತಿರುತ್ತಾರೆ. ಹೊತ್ತಿಗೆ ಸರಿಯಾಗಿ ನಿಲಯದವರು, ವಿದ್ವಾಂಸರು ಕಾರಣಾಂತರದಿಂದ ಬಂದಿಲ್ಲವೆಂದೂ ಅವರಿಗೆ ಬದಲಾಗಿ ಕೊಳಲುವಾದನವನ್ನು ಕೇಳಬಹುದೆಂದೂ ತಿಳಿಸುತ್ತಾರೆ. ಹಾಗಾದರೆ ಪಟ್ಟಿ ಸುಳ್ಳು ಹೇಳಿತೆ? ಇಲ್ಲ. ಅಚ್ಚಾದ ದಿನ ಅದು ನಿಜವೇ ಆಗಿದ್ದಿತು. ಆಮೇಲೆ ಸಂಗತಿ ಬದಲಾಯಿತು; ಕಾಗದ ಬದಲಾಗಲಿಲ್ಲ. ವೀಣೆಗೆ ಬದಲು ಕೊಳಲು ಕೇಳಿದರೆ ಯಾರಿಗೂ ನಷ್ಟವೇನಿಲ್ಲ. ಆದರೆ ಎಲ್ಲ ಪಟ್ಟಿಗಳ ವಿಷಯವೂ ಇಷ್ಟು ಹಗುರವಾದದ್ದಲ್ಲ. ಅದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಹೇಳುವವನು. ಹಳಗನ್ನಡ ವ್ಯಾಕರಣದಲ್ಲಿ ತಲೆ ನರೆತವನು. ಗಣಕಯಂತ್ರದ ವಿಚಾರವಾಗಿ ಮಾತನಾಡಲು ನನಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಅನುಭವವುಂಟು. ನಮ್ಮ ಶಾಲೆಯಲ್ಲಿ ಗಣಕವನ್ನು ಕಲಿಸುವ ಕಿರಿಯ ಉಪಾಧ್ಯಾಯರೊಬ್ಬರು ಉಪಾಧ್ಯಾಯ ವರ್ಗಕ್ಕೆಂದೇ ಒಂದು ವಿಕಿಯನ್ನು ಏರ್ಪಡಿಸಿದ್ದರು. ಅಂದರೆ ನಾವೆಲ್ಲರೂ ಓದಬಹುದಾದ, ನಾವೆಲ್ಲರೂ ತಿದ್ದಬಹುದಾದ ಪುಟಗಳ ಒಂದು ಕಟ್ಟು. ವೇಳಾಪಟ್ಟಿ, ಪರೀಕ್ಷೆಯ ದಿನಗಳು, ಪಾಠ ಎಲ್ಲಿಯವರೆಗೆ ಬಂದಿದೆಯೆಂಬ ವಿವರ ಎಲ್ಲವೂ ಅಲ್ಲಿರುತ್ತಿದ್ದವು. ವಿದ್ಯಾರ್ಥಿವೇತನದ ಪುಟ ನನ್ನ ಪಾಲಿಗೆ ಬಂದಿತು. ಜೂನ್ ತಿಂಗಳಲ್ಲಿ ಒಂದು ದಿನ ಕಚೇರಿಯ ಗಣಕದಲ್ಲಿದ್ದ ದಾಖಲೆಯನ್ನು ನೋಡಿ, ಇನ್ನೂ ಆದಾಯ ಪ್ರಮಾಣಪತ್ರ ತಂದುಕೊಡದಿದ್ದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಆ ಪುಟಕ್ಕೆ ಇಳಿಸಿದೆ. ಮೂವತ್ತೊಂದು ಹೆಸರು. ಎರಡು ಸಲ ತಾಳೆ ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ.

ಜುಲೈ ತಿಂಗಳಲ್ಲಿ ಒಂಬತ್ತನೆಯ ತರಗತಿಗೆ ಬೇರೆ ಊರಿನಿಂದ ವರ್ಗಾವಣೆ ಪತ್ರ ತಂದು ಒಬ್ಬ ಹುಡುಗಿ ಸೇರಿದಳು. ಕಚೇರಿಯವರು ಅವಳ ಹೆಸರನ್ನು ಗಣಕದ ದಾಖಲೆಗೆ ಅಂದೇ ಸೇರಿಸಿದರು. ನನ್ನ ಪಟ್ಟಿ ಮಾತ್ರ ಜೂನ್ ತಿಂಗಳಿನಲ್ಲಿಯೇ ನಿಂತಿತ್ತು. ತರಗತಿಯ ಉಪಾಧ್ಯಾಯರು ಪುಟವನ್ನು ತೆರೆದು, ಅಲ್ಲಿದ್ದ ಹೆಸರುಗಳನ್ನು ಕರೆದು, ಪ್ರಮಾಣಪತ್ರ ತನ್ನಿರೆಂದು ಮಕ್ಕಳಿಗೆ ಹೇಳುತ್ತ ಬಂದರು. ಆ ಹುಡುಗಿಯನ್ನು ಯಾರೂ ಕರೆಯಲಿಲ್ಲ. ಅರ್ಜಿಯ ಕಡೆಯ ದಿನ ಕಳೆದುಹೋಯಿತು. ಹತ್ತು ದಿನಗಳ ಮೇಲೆ, ಮಂಡಿಯಲ್ಲಿ ಮೂಟೆ ಹೊರುವ ಅವಳ ತಂದೆ ಶಾಲೆಗೆ ಬಂದು ಬಾಗಿಲಲ್ಲೇ ನಿಂತು, “ಸ್ವಾಮಿ, ಎಲ್ಲ ಮಕ್ಕಳನ್ನೂ ಕಾಗದ ಕೇಳಿದ್ರಂತೆ, ನಮ್ಮ ಹುಡುಗೀನ ಮಾತ್ರ ಕೇಳಲಿಲ್ಲವಂತೆ. ಅವಳು ಏನಾದರೂ ತಪ್ಪು ಮಾಡಿದಳಾ?” ಎಂದು ಕೇಳಿದರು.

ತಪ್ಪು ಅವಳದಾಗಿರಲಿಲ್ಲ. ಆ ವರ್ಷದ ಹಣ ಆ ಮನೆಗೆ ಬರಲಿಲ್ಲ. ನಾನು ಬರೆದ ಪಟ್ಟಿಯಲ್ಲಿ ಒಂದಕ್ಷರದ ದೋಷವೂ ಇರಲಿಲ್ಲವೆಂಬ ಸಮಾಧಾನದಿಂದ ಯಾರಿಗೆ ಏನು ಪ್ರಯೋಜನ?

ಅಂದು ಸಂಜೆ ಗಣಕದ ಮೇಷ್ಟ್ರು ನನ್ನೊಡನೆ ಕುಳಿತು, “ಮೇಷ್ಟ್ರೇ, ಪುಟದ ಮೇಲೆ ಉತ್ತರವನ್ನು ಬರೆದಿಡುವ ಬದಲು ಪ್ರಶ್ನೆಯನ್ನು ಬರೆದಿಡೋಣ, ಉತ್ತರವನ್ನು ಪುಟವೇ ದಾಖಲೆಯನ್ನು ಕೇಳಿ ತಂದುಕೊಳ್ಳಲಿ” ಎಂದರು. ಮೊದಲಿಗೆ ನನಗೆ ಇದು ಒಗಟಿನಂತೆ ತೋರಿತು. ಈಗ ಅದನ್ನೇ ನಿಮ್ಮ ಮುಂದೆ ಬಿಡಿಸಿಡಲು ಪ್ರಯತ್ನಿಸುತ್ತೇನೆ.

ಕಣಜವೆಂದರೇನು?

ಗಣಕದವರು ಡೇಟಾಬೇಸ್ ಎಂದು ಕರೆಯುವುದನ್ನು ನಾನು ಕಣಜವೆನ್ನುತ್ತೇನೆ. ಶಾಲೆಯ ದಾಖಲಾತಿ ಪುಸ್ತಕವನ್ನು ನೆನಪಿಗೆ ತಂದುಕೊಳ್ಳಿ. ಅಡ್ಡಲಾಗಿ ಒಂದು ಸಾಲು ಒಬ್ಬ ವಿದ್ಯಾರ್ಥಿಗೆ ಮೀಸಲು. ಉದ್ದಕ್ಕೆ ಗೆರೆ ಹಾಕಿದ ಅಂಕಣಗಳಲ್ಲಿ ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ತರಗತಿ, ಹುಟ್ಟಿದ ದಿನ. ತರಗತಿಯಲ್ಲಿ ಲಕ್ಷ್ಮಿಯೆಂಬ ಹೆಸರಿನವರು ಮೂವರು ಇರಬಹುದು. ದಾಖಲಾತಿ ಸಂಖ್ಯೆ ಮಾತ್ರ ಒಬ್ಬರದು ಇನ್ನೊಬ್ಬರಿಗಿಲ್ಲ. ಗಣಕದ ಕಣಜವೂ ಇಂಥ ಕೋಷ್ಟಕಗಳಿಂದಲೇ ಕಟ್ಟಿದ್ದು. ಒಂದು ಕೋಷ್ಟಕದಲ್ಲಿ ಮಕ್ಕಳು, ಇನ್ನೊಂದರಲ್ಲಿ ಅವರು ಕೊಟ್ಟ ಪ್ರಮಾಣಪತ್ರಗಳು. ಎರಡನ್ನೂ ಹೊಂದಿಸುವ ಕೊಂಡಿ ಆ ಸಂಖ್ಯೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಬೇಕಾದವರು ಅಲ್ಲಿಂದಲೇ ಪಡೆಯಬೇಕು ಎಂಬುದು ಇದರ ಮೂಲ ನಿಯಮ.

ಈ ಕೋಷ್ಟಕಗಳ ವಿಚಾರವನ್ನು ಗಣಿತದ ಕಟ್ಟಿನಲ್ಲಿ ನಿಲ್ಲಿಸಿದವರು ಎಡ್ಗರ್ ಕಾಡ್ ಎಂಬವರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಅವರು 1970ರಲ್ಲಿ ಈ ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಗಣಕದಿಂದ ಒಂದು ಮಾಹಿತಿ ತೆಗೆಯಬೇಕಾದರೆ ಅದು ಒಳಗೆ ಯಾವ ಕಡೆ, ಯಾವ ದಾರಿಯಲ್ಲಿ ಇದೆಯೆಂಬುದೂ ತಿಳಿದಿರಬೇಕಾಗಿತ್ತು. ಕೇಳುವವನಿಗೆ ಆ ಹೊರೆ ಇರಬಾರದು, ಏನು ಬೇಕೆಂಬುದನ್ನಷ್ಟೇ ಅವನು ಹೇಳಿದರೆ ಸಾಕು ಎಂಬುದು ಕಾಡ್ ಅವರ ವಾದ. ನಾವು ಉಗ್ರಾಣದವನಿಗೆ ಎರಡು ಸೇರು ಹೆಸರುಬೇಳೆ ತಾ ಎನ್ನುತ್ತೇವೆಯೇ ಹೊರತು ಯಾವ ಮೂಲೆಯಲ್ಲಿ, ಎಷ್ಟನೆಯ ಡಬ್ಬದಲ್ಲಿ ಎಂದು ಹೇಳುತ್ತೇವೆಯೆ? ಈ ಕಾರ್ಯಕ್ಕಾಗಿ ಅವರಿಗೆ 1981ರಲ್ಲಿ ಗಣಕಶಾಸ್ತ್ರದ ಬಹು ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಕೇಳುವ ಭಾಷೆ

ಕೇಳಬೇಕಾದರೆ ಭಾಷೆಯೊಂದು ಬೇಕಷ್ಟೆ. ಅದೇ ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು 1974ರಲ್ಲಿ ಅಂಥ ಭಾಷೆಯೊಂದನ್ನು ಲೋಕದ ಮುಂದಿಟ್ಟರು. ಇಂದು ಅದರ ಹೆಸರು ಎಸ್‌ಕ್ಯೂಎಲ್. 1986ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಂದು ಗೊತ್ತಾದ ಪ್ರಮಾಣವನ್ನು ನಿಗದಿ ಮಾಡಿದರು. ಈ ಭಾಷೆಯಲ್ಲಿ ಕೇಳುವ ಪ್ರಶ್ನೆಗೆ ಕ್ವೆರಿ ಎಂದು ಹೆಸರು.

ಇದರ ವಾಕ್ಯರಚನೆಯನ್ನು ಕಂಡಾಗ ವ್ಯಾಕರಣದವನಾದ ನನಗೆ ಬಹಳ ಸಂತೋಷವಾಯಿತು. ಮುಖ್ಯವಾದ ಪದಗಳು ನಾಲ್ಕು: ಸೆಲೆಕ್ಟ್, ಫ್ರಮ್, ವೇರ್, ಆರ್ಡರ್ ಬೈ. ಸೆಲೆಕ್ಟ್ ಎಂದರೆ ‘ಆರಿಸು’ ಎಂಬ ಕ್ರಿಯೆ. ಏನನ್ನು ಆರಿಸಬೇಕು? ಹೆಸರನ್ನು, ತರಗತಿಯನ್ನು. ಇದು ನಮ್ಮ ದ್ವಿತೀಯಾ ವಿಭಕ್ತಿ. ಫ್ರಮ್ ಎಂದರೆ ಎಲ್ಲಿಂದ? ವಿದ್ಯಾರ್ಥಿಗಳ ಕೋಷ್ಟಕದ ದೆಸೆಯಿಂದ. ಇದು ಪಂಚಮಿ. ವೇರ್ ಎಂಬುದು ವಿಶೇಷಣದ ಕೆಲಸ ಮಾಡುತ್ತದೆ: ಎಂಥವರನ್ನು? ಪ್ರಮಾಣಪತ್ರವಿಲ್ಲದವರನ್ನು. ಆರ್ಡರ್ ಬೈ ಎಂಬುದು ಯಾವ ಕ್ರಮದಲ್ಲಿ ಎಂಬುದನ್ನು ಹೇಳುತ್ತದೆ: ತರಗತಿಯ ಕ್ರಮದಲ್ಲಿ. ಎಲ್ಲವನ್ನೂ ಸೇರಿಸಿದರೆ, “ವಿದ್ಯಾರ್ಥಿಗಳ ಕೋಷ್ಟಕದಿಂದ ಪ್ರಮಾಣಪತ್ರವಿಲ್ಲದವರ ಹೆಸರನ್ನೂ ತರಗತಿಯನ್ನೂ ಆರಿಸಿ ತರಗತಿಯ ಕ್ರಮದಲ್ಲಿ ಕೊಡು” ಎಂಬ ಒಂದು ವಾಕ್ಯವಾಯಿತು. ಕೊಟ್ಟ ಉತ್ತರವೂ ಮತ್ತೊಂದು ಕೋಷ್ಟಕವೇ. ಆದ್ದರಿಂದಲೇ ಅದನ್ನು ಪುಟದ ಮೇಲೆ ಹಾಗೆಯೇ ಕೂಡಿಸಲು ಬರುತ್ತದೆ.

ವಿಕಿ ಪುಟ

ಇನ್ನು ಆ ಪುಟದ ಮಾತು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1995ನೆಯ ಮಾರ್ಚ್ ತಿಂಗಳಲ್ಲಿ ಮೊದಲನೆಯ ವಿಕಿಯನ್ನು ಅಂತರಜಾಲದಲ್ಲಿ ತೆರೆದರು. ಹವಾಯಿ ದ್ವೀಪದ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಬಸ್ಸಿಗೆ ‘ವಿಕಿ ವಿಕಿ’ ಎಂಬ ಹೆಸರಿದ್ದಿತು. ಅದನ್ನೇ ಅವರು ತೆಗೆದುಕೊಂಡರು. ಆ ನಾಡಿನ ಭಾಷೆಯಲ್ಲಿ ವಿಕಿಯೆಂದರೆ ಬೇಗ. ‘ವಿಕಿ ವಿಕಿ’ಯೆಂದರೆ ನಮ್ಮ ‘ಬೇಗ ಬೇಗ’ ಎಂಬಂತೆ ದ್ವಿರುಕ್ತಿ. ಯಾರ ಅಪ್ಪಣೆಗೂ ಕಾಯದೆ ಬೇಗ ಬರೆಯಬಹುದು, ಬೇಗ ತಿದ್ದಬಹುದು ಎಂಬುದು ಭಾವ. 2001ರಲ್ಲಿ ಹುಟ್ಟಿದ ವಿಕಿಪೀಡಿಯ ವಿಶ್ವಕೋಶ ಈ ಬಗೆಯ ಪುಟಗಳಲ್ಲಿ ಜಗತ್ಪ್ರಸಿದ್ಧವಾದದ್ದು. 2003ರಿಂದ ಅದರ ಕನ್ನಡ ಆವೃತ್ತಿಯೂ ಇದೆ. ಕಚೇರಿಗಳು, ಕಾರ್ಖಾನೆಗಳು, ನಮ್ಮಂಥ ಶಾಲೆಗಳು ತಮ್ಮ ತಮ್ಮ ತಂಡಕ್ಕೆ ಮಾತ್ರ ಸೇರಿದ ಸಣ್ಣ ವಿಕಿಗಳನ್ನು ಇಟ್ಟುಕೊಳ್ಳುವುದೂ ರೂಢಿಯಾಗಿದೆ.

ವಿಕಿಯ ಇನ್ನೊಂದು ಗುಣವನ್ನು ಮರೆಯಬಾರದು. ಯಾರು ಯಾವಾಗ ಏನು ತಿದ್ದಿದರೆಂಬುದನ್ನು ಅದು ಇತಿಹಾಸವಾಗಿ ಕಾಪಾಡುತ್ತದೆ. ಅಳಿಸಿದ ಸಾಲೂ ಹಳೆಯ ಪ್ರತಿಯಲ್ಲಿ ಉಳಿದಿರುತ್ತದೆ. ಇದರ ಪ್ರಯೋಜನವೂ ಅಪಾಯವೂ ಮುಂದೆ ತಿಳಿಯುತ್ತದೆ.

ಬೃಹಸ್ಪತಿಯ ಕಥೆ

ಈಗ ಇವೆರಡನ್ನೂ ಕೂಡಿಸೋಣ. ಪತಂಜಲಿಯ ಮಹಾಭಾಷ್ಯದ ಆರಂಭದಲ್ಲಿಯೇ ಒಂದು ಕಥೆ ಬರುತ್ತದೆ. ಇಂದ್ರನಿಗೆ ಬೃಹಸ್ಪತಿಯು ಶಬ್ದಗಳನ್ನು ಒಂದೊಂದಾಗಿ ಎಣಿಸಿ ಹೇಳಿಕೊಡಲು ಪ್ರಾರಂಭಿಸಿದನಂತೆ. ಕಲಿಸುವವನು ಬೃಹಸ್ಪತಿ, ಕಲಿಯುವವನು ಇಂದ್ರ, ಕಾಲ ಸಾವಿರ ದಿವ್ಯ ವರ್ಷ. ಆದರೂ ಶಬ್ದಗಳ ಕೊನೆ ಮುಟ್ಟಲಿಲ್ಲವಂತೆ. ಹೀಗಿರುವಾಗ ನೂರು ವರ್ಷದ ಆಯುಸ್ಸಿನ ಮನುಷ್ಯನ ಗತಿಯೇನು? ಆದುದರಿಂದ ಶಬ್ದಗಳನ್ನು ಪಟ್ಟಿಮಾಡುತ್ತ ಕೂರಬಾರದು. ಶಬ್ದಗಳನ್ನು ತಂದುಕೊಡುವ ಸೂತ್ರವನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ.

ನಾನು ಜೂನ್ ತಿಂಗಳಿನಲ್ಲಿ ಮಾಡಿದ್ದು ಬೃಹಸ್ಪತಿಯ ಕೆಲಸ; ಒಂದೊಂದಾಗಿ ಹೆಸರು ಬರೆದೆ. ಗಣಕದ ಮೇಷ್ಟ್ರು ಮಾಡಹೊರಟದ್ದು ಸೂತ್ರಕಾರನ ಕೆಲಸ. ಪುಟದ ಮೇಲೆ ಹೆಸರುಗಳಿದ್ದ ಜಾಗದಲ್ಲಿ ಅವರು ಮೇಲೆ ಹೇಳಿದ ಪ್ರಶ್ನೆಯನ್ನು ಬರೆದಿಟ್ಟರು. ನಾವು ಪುಟವನ್ನು ತೆರೆದಾಗ ನಮ್ಮ ಕಣ್ಣಿಗೆ ಪ್ರಶ್ನೆ ಕಾಣುವುದಿಲ್ಲ. ವಿಕಿಯ ಯಂತ್ರವು ಅದನ್ನು ಓದಿ, ಕಣಜವನ್ನು ಕೇಳಿ, ಬಂದ ಉತ್ತರವನ್ನು ಗೆರೆ ಹಾಕಿ ನಮಗೆ ತೋರಿಸುತ್ತದೆ. ಹೊಸ ಹುಡುಗಿ ಸೇರಿದಳೆಂದರೆ ಕಚೇರಿಯವರು ಒಂದು ಸಲ ಬರೆದರೆ ಸಾಕು. ಪುಟದಲ್ಲಿ ಅವಳ ಹೆಸರು ತಾನಾಗಿಯೇ ಮೂಡುತ್ತದೆ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು ತಮ್ಮ ತಂಡಕ್ಕೆ ಬಳಸಬಹುದು. ಅದಕ್ಕೆ ಇಂಥ ಕೆಲಸ ಕಲಿಸುವ ಜೋಡಣೆಗಳು ಹಲವು ಇವೆ. 2005ರಲ್ಲಿ ಬಂದ ಸೆಮ್ಯಾಂಟಿಕ್ ಮೀಡಿಯಾವಿಕಿ ಎಂಬುದು ಪುಟಗಳಲ್ಲಿ ಬರೆದ ಸಂಗತಿಗಳನ್ನೇ ಕಣಜವಾಗಿಸಿ ಅದರಿಂದ ಕೇಳಲು ಬಿಡುತ್ತದೆ. 2015ರಲ್ಲಿ ಬಂದ ಕಾರ್ಗೋ ಎಂಬುದು ಅದನ್ನೇ ಎಸ್‌ಕ್ಯೂಎಲ್ ರೀತಿಯಲ್ಲಿ ಮಾಡುತ್ತದೆ. ಎಕ್ಸ್‌ಟರ್ನಲ್ ಡೇಟಾ ಎಂಬುದು ವಿಕಿಯ ಹೊರಗಿರುವ ಕಣಜವನ್ನು ಕೇಳಿ ಉತ್ತರ ತರುತ್ತದೆ. ನಮ್ಮ ಕಚೇರಿಯ ದಾಖಲೆ ವಿಕಿಯ ಹೊರಗಿದ್ದುದರಿಂದ ನಾವು ಹಿಡಿದದ್ದು ಈ ಕಡೆಯ ದಾರಿಯನ್ನು.

ಎರಡು ದಾರಿಗಳು

ಉತ್ತರವನ್ನು ಪುಟಕ್ಕೆ ತರುವುದರಲ್ಲಿ ಎರಡು ವಿಧಗಳಿವೆ. ಪುಟ ತೆರೆದಾಗ ಕೇಳಿ ತೋರಿಸುವುದು ಒಂದು. ಗೊತ್ತಾದ ಕಾಲಕ್ಕೊಮ್ಮೆ ಕೇಳಿ, ಉತ್ತರವನ್ನು ಪುಟದಲ್ಲಿಯೇ ಬರೆದಿಡುವುದು ಇನ್ನೊಂದು. ಎರಡನೆಯದಕ್ಕೆ ಒಳ್ಳೆಯ ನಿದರ್ಶನ ವಿಕಿಪೀಡಿಯದಲ್ಲಿಯೇ ಇದೆ.

2012ರ ಅಕ್ಟೋಬರ್ ತಿಂಗಳಲ್ಲಿ ವಿಕಿಡೇಟಾ ಎಂಬ ಸಾರ್ವಜನಿಕ ಕಣಜ ಪ್ರಾರಂಭವಾಯಿತು. ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಬೇಕಾಗುವ ಸಂಗತಿಗಳನ್ನು ಒಂದೇ ಕಡೆ ಇಡುವುದು ಅದರ ಉದ್ದೇಶ. ಅದನ್ನು ಕೇಳುವ ಭಾಷೆಯ ಹೆಸರು ಸ್ಪಾರ್ಕಲ್. ಮೀಡಿಯಾವಿಕಿಯ ಮೊದಲ ಕರ್ತೃಗಳಲ್ಲಿ ಒಬ್ಬರಾದ ಮ್ಯಾಗ್ನಸ್ ಮಾನ್ಸ್ಕೆ ಅವರು ಲಿಸ್ಟೀರಿಯಾ ಎಂಬ ಬಾಟ್ ಒಂದನ್ನು ರಚಿಸಿದ್ದಾರೆ. ಬಾಟ್ ಎಂದರೆ ಹೇಳಿದ ಕೆಲಸವನ್ನು ಬೇಸರಪಡದೆ ಮಾಡುವ ಯಾಂತ್ರಿಕ ಗುಮಾಸ್ತ. ಪುಟದಲ್ಲಿ ಪ್ರಶ್ನೆಯನ್ನು ಬರೆದು ಆರಂಭದ ಗುರುತೊಂದನ್ನೂ ಕೊನೆಯ ಗುರುತೊಂದನ್ನೂ ಇಟ್ಟರೆ ಈ ಗುಮಾಸ್ತ ಆಗಿಂದಾಗ್ಗೆ ಬಂದು, ವಿಕಿಡೇಟಾವನ್ನು ಕೇಳಿ, ಎರಡು ಗುರುತುಗಳ ನಡುವೆ ಪಟ್ಟಿಯನ್ನು ಹೊಸದಾಗಿ ಬರೆದುಹೋಗುತ್ತಾನೆ. ಆ ನಡುವಿನ ಭಾಗವನ್ನು ನೀವು ಕೈಯಿಂದ ತಿದ್ದಿದರೆ ಮುಂದಿನ ಸಲ ಅದು ಅಳಿಸಿಹೋಗುತ್ತದೆ. ತಿದ್ದಬೇಕಾದರೆ ಕಣಜದಲ್ಲಿಯೇ ತಿದ್ದಬೇಕು. ಇದು ಕೆಲವರಿಗೆ ಸಿಟ್ಟು ತರಿಸುತ್ತದೆ. ಆದರೆ ಇದೇ ಸರಿಯಾದ ಶಿಸ್ತು. ನೆರಳನ್ನು ಒರಸಿದರೆ ಕಂಬದ ಕೊಳೆ ಹೋದೀತೆ?

ಎರಡು ದಾರಿಗಳ ತಾರತಮ್ಯವನ್ನು ಹೀಗೆ ತಿಳಿಯಬಹುದು. ಗುಮಾಸ್ತನು ಬರೆದಿಡುವ ದಾರಿಯಲ್ಲಿ ಪ್ರತಿಯೊಂದು ಉತ್ತರವೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಹೋದ ವರ್ಷ ಈ ದಿನ ಪಟ್ಟಿ ಹೇಗಿದ್ದಿತೆಂದು ನೋಡಬಹುದು. ತೆರೆದಾಗ ಕೇಳುವ ದಾರಿಯಲ್ಲಿ ಇತಿಹಾಸದಲ್ಲಿ ಉಳಿಯುವುದು ಪ್ರಶ್ನೆ ಮಾತ್ರ. ಹಳೆಯ ಉತ್ತರಗಳು ಅಲ್ಲಿ ಸಿಗುವುದಿಲ್ಲ. ಸಾಹಿತಿಗಳ, ನದಿಗಳ, ಊರುಗಳ ಪಟ್ಟಿಗೆ ಮೊದಲನೆಯ ಅನುಕೂಲ ಒಳ್ಳೆಯದೇ. ಆದರೆ ಬಡಮಕ್ಕಳ ಹೆಸರಿನ ಪಟ್ಟಿ ಎಂದೆಂದಿಗೂ ಪುಟದ ಇತಿಹಾಸದಲ್ಲಿ ಉಳಿಯಬೇಕೆ? ಬೇಡವೆಂದು ನಾವು ತೆರೆದಾಗ ಕೇಳುವ ದಾರಿಯನ್ನೇ ಆರಿಸಿಕೊಂಡೆವು.

ಇಲ್ಲಿಯೂ ಒಂದು ಸೂಕ್ಷ್ಮವುಂಟು. ನೂರು ಜನ ನೂರು ಸಲ ಪುಟ ತೆರೆದರೆ ಪ್ರತಿ ಸಲವೂ ಕಣಜಕ್ಕೆ ಹೋಗಿ ಬರುವುದು ಯಂತ್ರಕ್ಕೆ ಶ್ರಮ. ಆದುದರಿಂದ ವಿಕಿಯು ಒಮ್ಮೆ ಸಿದ್ಧಮಾಡಿದ ಪುಟವನ್ನು ಕೆಲವು ಕಾಲ ತೆಗೆದಿಟ್ಟು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಬೆಳಿಗ್ಗೆ ಸೋಸಿದ ಕಾಫಿ ಡಿಕಾಕ್ಷನ್ನನ್ನು ಮಧ್ಯಾಹ್ನಕ್ಕೂ ಇಟ್ಟುಕೊಂಡಂತೆ. ಅಂದರೆ ಜೀವಂತವೆಂದು ನಾವು ನಂಬಿದ ಪಟ್ಟಿಯೂ ಸ್ವಲ್ಪ ಹಳೆಯದಾಗಿರಬಹುದು! ಹೊಸದಾಗಿ ಕೇಳು ಎಂದು ಯಂತ್ರಕ್ಕೆ ಆಜ್ಞೆ ಕೊಡುವುದಕ್ಕೆ ಮೀಡಿಯಾವಿಕಿಯಲ್ಲಿ ‘ಪರ್ಜ್’ ಎನ್ನುತ್ತಾರೆ. ನಾವು ಪಟ್ಟಿಯ ತಲೆಯ ಮೇಲೆ ಅದನ್ನು ಕೇಳಿದ ದಿನವೂ ಗಂಟೆಯೂ ಕಾಣುವಂತೆ ಮಾಡಿದೆವು. ಯಾವ ಪಟ್ಟಿಗೇ ಆಗಲಿ ಇದೊಂದು ಸಾಲು ಕಡ್ಡಾಯವಾಗಿರಬೇಕೆಂದು ನನ್ನ ಅಭಿಪ್ರಾಯ.

ಸೂತ್ರದಲ್ಲಿಯೂ ದೋಷವುಂಟು

ಇಷ್ಟಾದ ಮೇಲೆ ತೊಂದರೆಯೆಲ್ಲ ತೀರಿತೆಂದು ನಾನು ತಿಳಿದೆ. ತೀರಿರಲಿಲ್ಲ. ಸೂತ್ರ ತಪ್ಪಿದರೆ ಪಟ್ಟಿ ಬಹಳ ಅಚ್ಚುಕಟ್ಟಾಗಿ ತಪ್ಪುತ್ತದೆ.

ಮರುವರ್ಷ ಜೂನ್ ತಿಂಗಳಿನಲ್ಲಿ ಪುಟದಲ್ಲಿ ಇಪ್ಪತ್ತೇಳು ಹೆಸರು ಬಂದವು. ನಾನು ಹಳೆಯ ಅಭ್ಯಾಸದಂತೆ ಲೆಕ್ಕ ಹಾಕಿದೆ. ವಿದ್ಯಾರ್ಥಿವೇತನಕ್ಕೆ ಅರ್ಹರೆಂದು ಕಚೇರಿಯ ಪುಸ್ತಕದಲ್ಲಿ ಗುರುತಾದವರು ಎಪ್ಪತ್ತು ಮಂದಿ. ಪ್ರಮಾಣಪತ್ರ ಕೊಟ್ಟವರು ಮೂವತ್ತೊಂಬತ್ತು. ಉಳಿದವರು ಮೂವತ್ತೊಂದಾಗಬೇಕಲ್ಲವೆ? ನಾಲ್ಕು ಮಕ್ಕಳು ಎಲ್ಲಿ ಹೋದರು? ಹುಡುಕಿದಾಗ ತಿಳಿಯಿತು: ಆ ನಾಲ್ವರೂ ಆ ವರ್ಷ ಹೊಸದಾಗಿ ಸೇರಿದವರು. ಅವರ ಸಾಲಿನಲ್ಲಿ ಪ್ರಮಾಣಪತ್ರದ ಅಂಕಣದಲ್ಲಿ ‘ಇದೆ’ ಎಂದೂ ಬರೆದಿರಲಿಲ್ಲ, ‘ಇಲ್ಲ’ ಎಂದೂ ಬರೆದಿರಲಿಲ್ಲ. ಬರಿದಾಗಿ ಬಿಟ್ಟಿತ್ತು.

ಎಸ್‌ಕ್ಯೂಎಲ್ ಭಾಷೆಯಲ್ಲಿ ಈ ಬರಿದಿಗೆ ‘ನಲ್’ ಎಂದು ಹೆಸರು. ಅದು ಸೊನ್ನೆಯೂ ಅಲ್ಲ, ‘ಇಲ್ಲ’ವೂ ಅಲ್ಲ, ‘ಗೊತ್ತಿಲ್ಲ’. ‘ಇಲ್ಲ’ ಎಂದಿರುವವರನ್ನು ಕೊಡು ಎಂದು ಕೇಳಿದರೆ ‘ಗೊತ್ತಿಲ್ಲ’ದವರು ಬರುವುದಿಲ್ಲ. ಅದು ಹಾಗಿರಲಿ, ‘ಇದೆ’ ಎಂದು ಇಲ್ಲದವರನ್ನೆಲ್ಲ ಕೊಡು ಎಂದು ತಿರುಗಿಸಿ ಕೇಳಿದರೂ ಅವರು ಬರುವುದಿಲ್ಲ! ಗೊತ್ತಿಲ್ಲದ ಬೆಲೆಯನ್ನು ಯಾವುದಕ್ಕೆ ಹೋಲಿಸಿದರೂ ಉತ್ತರ ಹೌದೂ ಆಗದು, ಅಲ್ಲವೂ ಆಗದು. ಅದೂ ‘ಗೊತ್ತಿಲ್ಲ’ವೆಂದೇ ಬರುತ್ತದೆ. ‘ಹೌದು’ ಎಂದಾದ ಸಾಲುಗಳನ್ನು ಮಾತ್ರ ಯಂತ್ರ ಆರಿಸುತ್ತದೆ. ಆದುದರಿಂದ ‘ಬರಿದಾಗಿರುವವರನ್ನೂ ಸೇರಿಸು’ ಎಂದು ಬೇರೆಯಾಗಿಯೇ ಹೇಳಬೇಕು. ಗಣಕದ ಮೇಷ್ಟ್ರು ಆ ಒಂದು ಮಾತನ್ನು ಸೇರಿಸಿದೊಡನೆ ನಾಲ್ಕು ಹೆಸರೂ ಪುಟದಲ್ಲಿ ಮೂಡಿದವು. ಹೊಸದಾಗಿ ಬಂದ ಮಕ್ಕಳೇ ಮತ್ತೆ ಹೊರಗುಳಿಯುತ್ತಿದ್ದರೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಅಪಾಯ ಮಿತಿಯದು. ಉದ್ದವಾದ ಪಟ್ಟಿಯಿಂದ ಪುಟ ಭಾರವಾಗದಿರಲೆಂದು ತಂತ್ರಾಂಶಗಳು ಸಾಲುಗಳಿಗೆ ಒಂದು ಮಿತಿ ಇಟ್ಟಿರುತ್ತವೆ. ನಾವಾಗಿ ಬೇರೆ ಹೇಳದಿದ್ದರೆ ಕಾರ್ಗೋ ತೋರಿಸುವುದು 100 ಸಾಲು. ಸೆಮ್ಯಾಂಟಿಕ್ ಮೀಡಿಯಾವಿಕಿ 50. ಉಳಿದ ಉತ್ತರಗಳಿಗೆ ಕೆಳಗೊಂದು ಕೊಂಡಿಯನ್ನು ಕೊಡುವುದುಂಟು. ಅವಸರದಲ್ಲಿ ಓದುವವರು ಅದನ್ನು ಗಮನಿಸುವುದಿಲ್ಲ. ನೂರ ಒಂದನೆಯ ಮಗುವಿನ ತಪ್ಪೇನು?

ಮೂರನೆಯದು ಎಣಿಕೆಯ ದೋಷ. ಎಲ್ಲರೂ ಬಲ್ಲ ನಿದರ್ಶನವನ್ನೇ ಕೊಡುತ್ತೇನೆ. ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿ ತಂದವರು ಯಾರೆಂದು ಕೇಳಿದರೆ ಎಂಟು ಸಾಲು ಬರಬೇಕು: ಕುವೆಂಪು 1967, ಬೇಂದ್ರೆ 1973, ಶಿವರಾಮ ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಗಿರೀಶ ಕಾರ್ನಾಡ 1998, ಚಂದ್ರಶೇಖರ ಕಂಬಾರ 2010. ಆದರೆ ಎಲ್ಲ ಭಾಷೆಗಳನ್ನೂ ಸೇರಿಸಿ ಕೇಳಿ, ಬಂದ ಸಾಲುಗಳನ್ನು ಎಣಿಸಿ, ಇಷ್ಟು ವರ್ಷ ಪ್ರಶಸ್ತಿ ಕೊಟ್ಟಿದ್ದಾರೆಂದು ಹೇಳಿದರೆ ತಪ್ಪಾಗುತ್ತದೆ. 1967ರಲ್ಲಿ ಕುವೆಂಪು ಅವರೊಡನೆ ಗುಜರಾತಿಯ ಉಮಾಶಂಕರ ಜೋಶಿ ಅವರಿಗೂ, 1973ರಲ್ಲಿ ಬೇಂದ್ರೆಯವರೊಡನೆ ಒಡಿಯಾದ ಗೋಪೀನಾಥ ಮೊಹಾಂತಿ ಅವರಿಗೂ ಪ್ರಶಸ್ತಿ ಸಂದಿತು. ವರ್ಷ ಒಂದು, ಸಾಲು ಎರಡು. ಕಂಬಾರರದು 2010ನೆಯ ಸಾಲಿನ ಪ್ರಶಸ್ತಿ. ಅದು ಪ್ರಕಟವಾದದ್ದು 2011ರಲ್ಲಿ. ವರ್ಷ ಎಂದು ಕೇಳಿದಾಗ ಯಾವ ವರ್ಷ? ಕೇಳುವವನ ಮನಸ್ಸಿನಲ್ಲಿ ಸ್ಪಷ್ಟವಿಲ್ಲದ ಪ್ರಶ್ನೆಗೆ ಯಂತ್ರ ಸ್ಪಷ್ಟವಾದ ಉತ್ತರವನ್ನೇನೋ ಕೊಡುತ್ತದೆ. ಅದು ಬೇರೆ ಪ್ರಶ್ನೆಯ ಉತ್ತರವಾಗಿರುತ್ತದೆ.

ತೋರಿಸಬೇಕಾದಷ್ಟೇ ತೋರಿಸುವುದು

ಕಡೆಯದಾಗಿ ಮರ್ಯಾದೆಯ ಮಾತು. ನಮ್ಮ ಪುಟದ ಮೊದಲನೆಯ ರೂಪದಲ್ಲಿ ಮಕ್ಕಳ ಜಾತಿ, ತಂದೆಯ ಆದಾಯ, ಮನೆಯ ದೂರವಾಣಿ ಸಂಖ್ಯೆ ಎಲ್ಲವೂ ಬಂದಿದ್ದವು. ಕಣಜದಲ್ಲಿದ್ದವು, ಆದ್ದರಿಂದ ಪುಟದಲ್ಲಿಯೂ ಬಂದವು. ಮುಖ್ಯೋಪಾಧ್ಯಾಯರು ನೋಡಿ, “ಕಾಗದ ತಾ ಎಂದು ಹೇಳುವುದಕ್ಕೆ ಹೆಸರು ಮತ್ತು ತರಗತಿ ಸಾಲದೇನ್ರೀ?” ಎಂದರು. ಸಾಕಾಗಿತ್ತು. ಸೆಲೆಕ್ಟ್ ಎಂಬ ಪದದ ಮುಂದೆ ಏನು ಬರೆಯುತ್ತೇವೆಂಬುದು ಅನುಕೂಲದ ಪ್ರಶ್ನೆ ಮಾತ್ರವಲ್ಲ, ನಡತೆಯ ಪ್ರಶ್ನೆಯೂ ಹೌದು.

ಇದರೊಡನೆ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ವಿಕಿಯ ಹೆಸರಿನಲ್ಲಿ ಕಣಜದೊಳಗೆ ಹೋಗುವವನಿಗೆ ಓದುವ ಅಧಿಕಾರವಿರಬೇಕೇ ಹೊರತು ಬರೆಯುವ, ಅಳಿಸುವ ಅಧಿಕಾರ ಇರಕೂಡದು. ಕಣಜದ ಗುಪ್ತಪದವನ್ನು ಪುಟದಲ್ಲಿ ಎಂದಿಗೂ ಬರೆಯಬಾರದು. ಅದು ವಿಕಿಯನ್ನು ನಡೆಸುವ ಯಂತ್ರದ ಒಳಗಣ ಕಡತದಲ್ಲಿರಬೇಕು. ಪುಟವನ್ನು ಎಲ್ಲರೂ ತಿದ್ದಬಹುದಾದ್ದರಿಂದಲೇ ವಿಕಿ ವಿಕಿಯಾದದ್ದು. ಎಲ್ಲರೂ ಪ್ರವೇಶಿಸುವ ಜಗುಲಿಯ ಮೇಲೆ ಯಾರೂ ಉಗ್ರಾಣದ ಬೀಗದ ಕೈಯನ್ನು ತೂಗುಹಾಕುವುದಿಲ್ಲ.

ಈಗ ನಮ್ಮ ಪುಟದಲ್ಲಿ ಪಟ್ಟಿಯ ಮೇಲೆ ಕೇಳಿದ ಹೊತ್ತು, ಪಟ್ಟಿಯ ಕೆಳಗೆ ಒಟ್ಟು ಸಂಖ್ಯೆ, ಅದರ ಪಕ್ಕದಲ್ಲಿ ಅರ್ಹರ ಒಟ್ಟು ಸಂಖ್ಯೆ ಇರುತ್ತವೆ. ಆದರೂ ತಿಂಗಳಿಗೊಮ್ಮೆ ಹಾಜರಿ ಪುಸ್ತಕವನ್ನು ಹಿಡಿದುಕೊಂಡು ನಾನು ತಾಳೆ ನೋಡುತ್ತೇನೆ. ಕಿರಿಯರು ನಗುತ್ತಾರೆ, ನಗಲಿ. ಕಣಜದಲ್ಲಿ ಬರೆಯುವವರು ಮನುಷ್ಯರು, ಪ್ರಶ್ನೆ ಕೇಳುವವರೂ ಮನುಷ್ಯರು. ನಡುವಣ ಯಂತ್ರ ತಪ್ಪದೆ ಕೆಲಸಮಾಡಿದ ಮಾತ್ರಕ್ಕೆ ಎರಡು ತುದಿಯಲ್ಲಿರುವವರ ಹೊಣೆ ತೀರುವುದಿಲ್ಲ.

ಆ ಹುಡುಗಿ ಮರುವರ್ಷ ಹತ್ತನೆಯ ತರಗತಿಗೆ ಬಂದಳು. ಶಾಲೆ ತೆರೆದ ದಿನವೇ ಅವಳ ಹೆಸರು ಪುಟದಲ್ಲಿ ಇದ್ದಿತು. ನಾನೇ ಕರೆದು, ಅಪ್ಪನಿಗೆ ಹೇಳಿ ಪ್ರಮಾಣಪತ್ರ ತರಿಸಮ್ಮ ಎಂದೆ. ಎರಡು ವಾರಗಳ ಮೇಲೆ ಒಂದು ಬೆಳಿಗ್ಗೆ ಪುಟವನ್ನು ತೆರೆದರೆ ಅವಳ ಹೆಸರು ಇರಲಿಲ್ಲ. ಕ್ಷಣಮಾತ್ರ ಎದೆ ಧಸಕ್ಕೆಂದಿತು. ಕಚೇರಿಗೆ ಹೋಗಿ ವಿಚಾರಿಸಿದೆ. ಹಿಂದಿನ ದಿನ ಸಂಜೆ ಅವಳ ತಂದೆ ಕಾಗದವನ್ನು ತಂದುಕೊಟ್ಟು ಹೋಗಿದ್ದರು.